ಎಲ್ಲಾ ಸೇರಿ ಎಷ್ಟು? ಕ್ರೂಸ್ ಟಿಕೆಟ್ಟಿನ ಒಳಲೆಕ್ಕ

ಚಿಂತಾಮಣಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಟಿವಿ ಪಕ್ಕ ಒಂದು ಕಾಗದ ಇನ್ನೂ ಹಾಗೇ ಇದೆ. ಎರಡು ಪುಟದ ಬಿಲ್ಲು. ಭಾವ ಸಹಕಾರಿ ಬ್ಯಾಂಕಿನಿಂದ ನಿವೃತ್ತರಾದ ಖುಷಿಗೆ ಮಗ, ಮಗಳು ಸೇರಿ ಅಪ್ಪ-ಅಮ್ಮನನ್ನು ಸಿಂಗಪುರದಿಂದ ಹೊರಡುವ ಮೂರು ರಾತ್ರಿಯ ಕ್ರೂಸಿಗೆ ಕರೆದುಕೊಂಡು ಹೋಗಿದ್ದರು. ನಾಲ್ಕು ಜನ, ಎರಡು ಕ್ಯಾಬಿನ್. "ಎಲ್ಲಾ ಸೇರಿದೆ ಸರ್. ಊಟ, ತಿಂಡಿ, ಶೋ, ಸ್ವಿಮ್ಮಿಂಗ್ ಪೂಲ್, ಎಲ್ಲಾ" ಎಂದು ಟಿಕೆಟ್ ಮಾಡಿಕೊಟ್ಟವರು ಹೇಳಿದ್ದರು. ಹಡಗಿನಿಂದ ಇಳಿಯುವ ದಿನ ಬೆಳಿಗ್ಗೆ ಈ ಬಿಲ್ಲು ಕೈಗೆ ಬಂತು.

ಅದರಲ್ಲಿ ಮೊದಲ ಸಾಲೇ ಗ್ರ್ಯಾಚುಟಿ. ಭಾವನಿಗೆ ಅದು ಅರ್ಥವಾಗಲಿಲ್ಲ. ಅವರ ಪಾಲಿಗೆ ಗ್ರ್ಯಾಚುಟಿ ಅಂದರೆ ನಿವೃತ್ತಿಯಾದಾಗ ಕೈಗೆ ಬರುವ ದುಡ್ಡು. ಆಗಷ್ಟೇ ಅದನ್ನು ಪಡೆದಿದ್ದರು. ಹಡಗಿನಲ್ಲಿ ಅದೇ ಪದಕ್ಕೆ ಕೆಲಸದವರಿಗೆ ನಾವು ಕೊಡುವ ಟಿಪ್ಸ್ ಎಂದು ಅರ್ಥ. ತಲೆಗೆ ಇಷ್ಟು, ದಿನಕ್ಕೆ ಇಷ್ಟು ಅಂತ ತಾನಾಗಿಯೇ ಸೇರಿಕೊಂಡಿತ್ತು. ಅದರ ಕೆಳಗೆ ವೈಫೈ. ಆಮೇಲೆ ಒಂದು ರಾತ್ರಿ ಬೇರೆ ರೆಸ್ಟೋರೆಂಟಿನಲ್ಲಿ ಮಾಡಿದ ಊಟ, ನಾಲ್ಕು ಬಾಟಲ್ ನೀರು, ಎರಡು ಫೋಟೋ. ಪ್ರತಿ ಸಾಲಿನ ಜೊತೆ ಸೇವಾಶುಲ್ಕ.

"ದುಡ್ಡಿಗಲ್ಲ ಕಣೋ. ಮೊದಲೇ ಹೇಳಿದ್ದರೆ ಕೊಟ್ಟೇ ಕೊಡ್ತಿದ್ವಿ. ಕೊನೇ ದಿನ ಹೇಳಿದ್ರಲ್ಲ, ಅದು ಬೇಜಾರು" ಎಂದಳು ಅಕ್ಕ.

ಅವಳ ಈ ಮಾತನ್ನೇ ಹಿಡಿದುಕೊಂಡು ನಾನು ಕೆಲವು ವಾರ ಈ ಲೆಕ್ಕದ ಹಿಂದೆ ಬಿದ್ದೆ. ಯಾಕೆಂದರೆ ಇದು ಅಕ್ಕನ ಮನೆಯ ಕಥೆ ಮಾತ್ರ ಅಲ್ಲ. ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಸೀಮೆಗೆ ಸಮುದ್ರವಿಲ್ಲ, ವರ್ಷವಿಡೀ ಹರಿಯುವ ನದಿಯೂ ಇಲ್ಲ. ಕೆರೆ, ಬೋರ್‌ವೆಲ್, ಟ್ಯಾಂಕರ್ ನೀರಿನಲ್ಲಿ ಬೆಳೆದವರು ನಾವು. ಅಂಥ ಕಡೆಯಿಂದಲೂ ಈಗ ಜನ ಹಡಗು ಹತ್ತುತ್ತಿದ್ದಾರೆ. ದೇವನಹಳ್ಳಿ ವಿಮಾನ ನಿಲ್ದಾಣ ನಮಗೆ ಬೆಂಗಳೂರಿನ ಎಷ್ಟೋ ಬಡಾವಣೆಗಳಿಗಿಂತ ಹತ್ತಿರ. ಚೆನ್ನೈ ಬಂದರು ಕೋಲಾರದಿಂದ 300 ಕಿಲೋಮೀಟರಿಗೂ ಕಡಿಮೆ, ಮುಳಬಾಗಿಲು ದಾಟಿ ನೇರ ರಸ್ತೆ. ಕೊರ್ಡೇಲಿಯಾ ಹಡಗು 2021ರಲ್ಲಿ ಮುಂಬೈಯಿಂದ ಓಡಾಟ ಶುರು ಮಾಡಿತು. 2022ರಲ್ಲಿ ಚೆನ್ನೈಗೂ ಬಂತು. ಅರವತ್ತನೇ ವರ್ಷದ ಶಾಂತಿ, ಮದುವೆಯ ಇಪ್ಪತ್ತೈದನೇ ವರ್ಷ, ಹೀಗೆ ಏನಾದರೂ ನೆಪದಲ್ಲಿ ಮನೆಯ ಹಿರಿಯರನ್ನು ಕರೆದುಕೊಂಡು ಹೋಗುವ ಆಸೆ ಮಕ್ಕಳಿಗೆ. ಒಳ್ಳೆಯ ಆಸೆ. ಅದರ ಲೆಕ್ಕ ಮಾತ್ರ ಮೊದಲೇ ಗೊತ್ತಿರಬೇಕು.

ಈ ಲೆಕ್ಕ ನಮಗೆ ಹೊಸದೇನಲ್ಲ. ಮದುವೆಗೆ ಛತ್ರ ಹಿಡಿದವರಿಗೆಲ್ಲ ಗೊತ್ತಿರುತ್ತದೆ. ಬಾಡಿಗೆ ಇಷ್ಟು ಅಂತ ಮ್ಯಾನೇಜರ್ ಹೇಳುತ್ತಾರೆ. ಅಡ್ವಾನ್ಸ್ ಕೊಟ್ಟು ಬರುತ್ತೇವೆ. ಮದುವೆ ಮುಗಿದು ಖಾಲಿ ಮಾಡುವ ಹೊತ್ತಿಗೆ ಇನ್ನೊಂದು ಚೀಟಿ ಬರುತ್ತದೆ. ಕರೆಂಟು ಯೂನಿಟ್ ಲೆಕ್ಕ, ಜನರೇಟರಿಗೆ ಡೀಸೆಲ್, ಕ್ಲೀನಿಂಗು, ಪಾತ್ರೆ ಬಾಡಿಗೆ, ಸಿಲಿಂಡರು, ನೀರಿನ ಟ್ಯಾಂಕರು. ಅದಕ್ಕೇ ಮನೆಯಲ್ಲಿ ಅನುಭವಸ್ಥರೊಬ್ಬರು ಛತ್ರ ನೋಡಲು ಜೊತೆಗೆ ಬರುತ್ತಾರೆ. ಅವರು ಬಾಡಿಗೆ ಎಷ್ಟು ಅಂತ ಕೇಳುವುದಿಲ್ಲ. "ಬಾಡಿಗೆ ಬಿಟ್ಟು ಇನ್ನೇನೇನಿದೆ ಹೇಳಪ್ಪ" ಎಂದು ಕೇಳುತ್ತಾರೆ. ಅಡುಗೆಯಲ್ಲೂ ಎರಡು ಲೆಕ್ಕ ಇದೆ. ಸಾಮಾನು ನಮ್ಮದು, ಅಡುಗೆಯವರಿಗೆ ಕೂಲಿ ಬೇರೆ ಅನ್ನುವುದು ಒಂದು. ಎಲೆಗೆ ಇಷ್ಟು ಅಂತ ಪೂರ್ತಿ ವಹಿಸಿಬಿಡುವುದು ಇನ್ನೊಂದು. ಕ್ರೂಸಿನಲ್ಲಿ ನಡೆಯುತ್ತಿರುವುದೂ ಈ ಎರಡು ಲೆಕ್ಕಗಳ ನಡುವಿನ ಎಳೆದಾಟವೇ.

ಹಡಗಿನವರು ಟಿಕೆಟ್ ಬೆಲೆಯನ್ನು ಕಡಿಮೆ ತೋರಿಸಿ ಉಳಿದದ್ದನ್ನು ಆಮೇಲೆ ಯಾಕೆ ಕೇಳುತ್ತಾರೆ? ಇದಕ್ಕೆ ಉತ್ತರ ಕೋಲಾರದ ಟೊಮೇಟೊ ಮಾರುಕಟ್ಟೆಯಲ್ಲಿ ನಿಂತವರಿಗೆ ಸುಲಭವಾಗಿ ಅರ್ಥವಾಗುತ್ತದೆ. 2023ರ ಜುಲೈಯಲ್ಲಿ ಅಲ್ಲಿ 15 ಕೆಜಿ ಬಾಕ್ಸು 2,000 ರೂಪಾಯಿ ದಾಟಿತ್ತು. ಅದೇ ಟೊಮೇಟೊವನ್ನು ಬೆಲೆ ಬಿದ್ದಾಗ ರಸ್ತೆ ಬದಿ ಸುರಿದು ಹೋದದ್ದನ್ನೂ ನೋಡಿದ್ದೇವೆ. ಹಣ್ಣನ್ನು ಇಟ್ಟುಕೊಳ್ಳಲು ಆಗುವುದಿಲ್ಲ. ಹೋದಷ್ಟಕ್ಕೆ ಹೋಗಲಿ ಅಂತ ಕೊಡಬೇಕು. ಹಡಗಿನ ಕ್ಯಾಬಿನ್ನೂ ಹಾಗೇ. ಹಡಗು ಹೊರಟ ಮೇಲೆ ಖಾಲಿ ಕ್ಯಾಬಿನ್‌ಗೆ ಬೆಲೆಯೇ ಇಲ್ಲ. ಎಣ್ಣೆ ಅಷ್ಟೇ ಉರಿಯುತ್ತದೆ, ಕೆಲಸದವರು ಅಷ್ಟೇ ಇರುತ್ತಾರೆ. ಅದಕ್ಕೇ ದರ ಇಳಿಸಿಯಾದರೂ ಹಡಗು ತುಂಬಿಸುತ್ತಾರೆ. ಕ್ಯಾಬಿನ್ನಿಗೆ ಇಬ್ಬರು ಅಂತ ಎಣಿಸುವುದು ಈ ಉದ್ಯಮದ ರೂಢಿ. ಮೂರನೆಯವರು, ನಾಲ್ಕನೆಯವರು ಮೇಲಿನ ಬರ್ತಿನಲ್ಲಿ ಸೇರಿಕೊಳ್ಳುವುದರಿಂದ ದೊಡ್ಡ ಕಂಪನಿಗಳ ಹಡಗುಗಳು ಲೆಕ್ಕದಲ್ಲಿ ಶೇ 100 ದಾಟಿ ತುಂಬಿರುತ್ತವೆ.

ಹಡಗು ತುಂಬಿದ ಮೇಲೆ ಅಷ್ಟು ಜನ ಮೂರು ದಿನವೋ ಏಳು ದಿನವೋ ಬೇರೆಲ್ಲೂ ಹೋಗುವಂತಿಲ್ಲ. ಎದುರು ಬೀದಿಯಲ್ಲಿ ಇನ್ನೊಂದು ಅಂಗಡಿ ಇಲ್ಲ. ಅಲ್ಲಿ ಶುರುವಾಗುತ್ತದೆ ಎರಡನೇ ವ್ಯಾಪಾರ. ಜಗತ್ತಿನ ಅತಿ ದೊಡ್ಡ ಕ್ರೂಸ್ ಕಂಪನಿ ಕಾರ್ನಿವಲ್ 2024ರಲ್ಲಿ ಸುಮಾರು 2,500 ಕೋಟಿ ಡಾಲರ್ ಆದಾಯ ತೋರಿಸಿತು. ಅದರಲ್ಲಿ ಸುಮಾರು ಮೂರನೇ ಒಂದು ಭಾಗ ಟಿಕೆಟ್ಟಿನದ್ದಲ್ಲ. ಹಡಗಿನ ಮೇಲಿನ ಖರ್ಚು ಮತ್ತು ಇತರೆ ಬಾಬ್ತಿನದ್ದು. ರಾಯಲ್ ಕೆರೀಬಿಯನ್ ಕಂಪನಿಯಲ್ಲೂ ಅದೇ ವರ್ಷ ಈ ಪಾಲು ಸುಮಾರು ಶೇ 30 ಇತ್ತು. ಪಾನೀಯ, ಕ್ಯಾಸಿನೊ, ವೈಫೈ, ಸ್ಪಾ, ಫೋಟೋ, ದಡದ ಮೇಲಿನ ಸುತ್ತಾಟ, ಇವೆಲ್ಲ ಇದರಲ್ಲಿ ಬರುತ್ತವೆ. ಅಂದರೆ ಈ 'ಎಕ್ಸ್‌ಟ್ರಾ' ಅನ್ನುವುದು ಮೇಲುಖರ್ಚಲ್ಲ. ಹಡಗು ನಡೆಯುವುದೇ ಅದರ ಮೇಲೆ.

ಇನ್ನು ಟಿಕೆಟ್ಟಿನಲ್ಲಿ ಏನೇನು ಸೇರಿರುತ್ತದೆ? ಕ್ಯಾಬಿನ್, ಮುಖ್ಯ ಊಟದ ಹಾಲ್ ಮತ್ತು ಬಫೆ, ಹೆಚ್ಚಿನ ಶೋಗಳು, ಈಜುಕೊಳ, ಮಕ್ಕಳ ಆಟ. ಬಫೆಯಲ್ಲಿ ಕುಡಿಯುವ ನೀರು, ಸಾಧಾರಣ ಟೀ, ಕಾಫಿ ಸಾಮಾನ್ಯವಾಗಿ ಸೇರಿರುತ್ತದೆ. ಮದ್ಯ, ತಂಪು ಪಾನೀಯ, ಬಾಟಲ್ ನೀರು, ಯಂತ್ರದ ಕಾಫಿ, ವಿಶೇಷ ರೆಸ್ಟೋರೆಂಟು, ಇಂಟರ್ನೆಟ್ಟು, ದಡದ ಪ್ರವಾಸ ಇವು ಹೊರಗೆ. ಟಿಪ್ಸ್ ಕೂಡ ಸಾಮಾನ್ಯವಾಗಿ ಹೊರಗೇ. ಬಂದರು ಶುಲ್ಕ ಮತ್ತು ತೆರಿಗೆ ಕೆಲವು ಜಾಹೀರಾತಿನಲ್ಲಿ ಸೇರಿರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಇನ್ನೊಂದು ಮಾತು. ಜಾಹೀರಾತಿನ ಬೆಲೆ ತಲೆಗೆ ಇಷ್ಟು ಅಂತ ಇದ್ದರೆ ಅದು ಕ್ಯಾಬಿನ್ನಿನಲ್ಲಿ ಇಬ್ಬರು ಇದ್ದಾಗಿನ ತಲೆಬೆಲೆ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ಟಿಕೆಟ್ ಬೀಳುತ್ತದೆ. ಗಂಡನನ್ನು ಕಳೆದುಕೊಂಡ ಅಮ್ಮನನ್ನು ಒಬ್ಬರಿಗೇ ಒಂದು ಕ್ಯಾಬಿನ್ ಕೊಡಿಸಿ ಕಳಿಸೋಣ ಅಂದುಕೊಂಡ ಮಕ್ಕಳಿಗೆ ಇದು ಮೊದಲೇ ಗೊತ್ತಿರಬೇಕು.

ಟಿಪ್ಸ್ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ, ಯಾಕೆಂದರೆ ಎಲ್ಲರಿಗೂ ಬೀಳುವ ಖರ್ಚು ಇದು. ರಾಯಲ್ ಕೆರೀಬಿಯನ್ 2024ರ ಕೊನೆಯಲ್ಲಿ ಸಾಮಾನ್ಯ ಕ್ಯಾಬಿನ್ನಿಗೆ ಇದನ್ನು ತಲೆಗೆ ದಿನಕ್ಕೆ 18.50 ಡಾಲರ್ ಮಾಡಿತು. ನಾಲ್ಕು ಜನ, ಮೂರು ದಿನ ಅಂದರೆ 222 ಡಾಲರ್. ಡಾಲರಿಗೆ 85 ರೂಪಾಯಿ ಅಂತ ಇಟ್ಟುಕೊಂಡರೂ 18,870 ರೂಪಾಯಿ. ಮಗುವಿಗೂ ಅದೇ ಲೆಕ್ಕ. ಕಾರ್ಡಿನಲ್ಲಿ ಕೊಟ್ಟರೆ ವಿದೇಶಿ ಹಣದ ವಿನಿಮಯಕ್ಕೆ ಅಂತ ಬ್ಯಾಂಕುಗಳು ಶೇ 3.5ರವರೆಗೂ ಹಿಡಿಯುತ್ತವೆ. ಇಷ್ಟು ದುಡ್ಡನ್ನು 'ಇಷ್ಟವಿದ್ದರೆ ಕೊಡಿ' ಅನ್ನುವ ಹೆಸರಿನಲ್ಲಿ ತಾವಾಗಿಯೇ ಸೇರಿಸುತ್ತಾರೆ. ಬೇಡ ಅಂದರೆ ಕೌಂಟರಿಗೆ ಹೋಗಿ ತೆಗೆಸಬಹುದು ಅನ್ನುತ್ತಾರೆ. ಎಷ್ಟೋ ಹಡಗುಗಳಲ್ಲಿ ಅದು ನಿಜ ಕೂಡ.

ಆದರೆ ನಾನು ತೆಗೆಸಿ ಅನ್ನುವುದಿಲ್ಲ. ಆ ದುಡ್ಡು ಹಾಸಿಗೆ ಸರಿ ಮಾಡುವವರಿಗೆ, ತಟ್ಟೆ ಎತ್ತುವವರಿಗೆ ಹಂಚಿಕೆಯಾಗುತ್ತದೆ. ಫಿಲಿಪ್ಪೀನ್ಸ್, ಇಂಡೋನೇಷ್ಯಾ, ನಮ್ಮ ಗೋವಾ, ಮುಂಬೈ, ಕೇರಳದ ಹುಡುಗರು ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುವವರು. ಅವರ ಸಂಬಳದ ದೊಡ್ಡ ಭಾಗವನ್ನು ಕಂಪನಿ ನಮ್ಮ ಮನಸ್ಸಿಗೆ ಬಿಟ್ಟು ಕೈತೊಳೆದುಕೊಂಡಿದೆ. ಸರಿಯಾದ ದಾರಿ ಒಂದೇ. ಅದನ್ನು ಟಿಕೆಟ್ಟಿನಲ್ಲೇ ಸೇರಿಸಬೇಕು. ಆಗ ಅವರ ಕೂಲಿ ಖಾತ್ರಿಯಾಗುತ್ತದೆ, ನಮಗೂ ಕೊನೆಯ ಬೆಳಿಗ್ಗೆ ಮುಜುಗರವಾಗುವುದಿಲ್ಲ.

ಇದಕ್ಕೆಲ್ಲ ಪರಿಹಾರ ಅಂತ 'ಆಲ್ ಇನ್‌ಕ್ಲೂಸಿವ್' ಬರುತ್ತದೆ. ಒಂದೇ ಬೆಲೆ, ಎಲ್ಲಾ ಅದರಲ್ಲೇ. ಈ ಕಲ್ಪನೆ ಬೆಳೆದದ್ದು ದಡದ ಮೇಲೆ. ಬೆಲ್ಜಿಯಂನ ಜೆರಾರ್ಡ್ ಬ್ಲಿಟ್ಜ್ 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಡೇರೆ ಹಾಕಿ ಕ್ಲಬ್ ಮೆಡ್ ಅನ್ನುವ ರಜಾ ಶಿಬಿರ ಶುರು ಮಾಡಿದರು. ಊಟ, ವಾಸ, ಆಟ ಎಲ್ಲಕ್ಕೂ ಒಂದೇ ದುಡ್ಡು. ಆದರೆ ಅಲ್ಲೂ ಬಾರಿನಲ್ಲಿ ಕುಡಿಯುವುದಕ್ಕೆ ಬೇರೆ ಲೆಕ್ಕ ಇತ್ತು. ದುಡ್ಡಿನ ಬದಲು ಮಣಿಗಳನ್ನು ಕೊಳ್ಳಬೇಕು, ಕುತ್ತಿಗೆಗೆ ಹಾಕಿಕೊಂಡು ತಿರುಗಬೇಕು, ಒಂದೊಂದೇ ಬಿಚ್ಚಿ ಕೊಡಬೇಕು. ಎಲ್ಲಾ ಸೇರಿದೆ ಅನ್ನುವ ಮಾತಿನ ಹುಟ್ಟಿನಲ್ಲೇ ಎಲ್ಲಾ ಸೇರಿರಲಿಲ್ಲ. ಇದನ್ನು ಓದಿದಾಗ ನನಗೆ ಅಕ್ಕನ ಬಿಲ್ಲಿನ ಬಾಟಲ್ ನೀರು ನೆನಪಾಯಿತು.

ಹಡಗುಗಳಲ್ಲಿ ಇವತ್ತು ಮೂರು ಥರ ಕಾಣುತ್ತದೆ. ರೀಜೆಂಟ್ ಸೆವೆನ್ ಸೀಸ್, ಸಿಲ್ವರ್‌ಸೀ ಥರದ ಐಷಾರಾಮಿ ಕಂಪನಿಗಳು ಮದ್ಯ, ಟಿಪ್ಸ್, ವೈಫೈ ಎಲ್ಲವನ್ನೂ ಸೇರಿಸುತ್ತವೆ. ರೀಜೆಂಟ್ ದಡದ ಪ್ರವಾಸವನ್ನೂ ಸೇರಿಸುತ್ತದೆ. ವೈಕಿಂಗ್ ವೈಫೈ, ಪ್ರತಿ ಬಂದರಿನಲ್ಲಿ ಒಂದು ಸುತ್ತಾಟ, ಊಟದ ಜೊತೆ ಬಿಯರು, ವೈನು ಸೇರಿಸುತ್ತದೆ. ಇವುಗಳ ಬೆಲೆ ಮಾಮೂಲಿ ಹಡಗಿನ ಹಲವು ಪಟ್ಟು. ಎರಡನೆಯದು ಕಾರ್ನಿವಲ್, ರಾಯಲ್ ಕೆರೀಬಿಯನ್ ಥರದವು. ಟಿಕೆಟ್ ಕಡಿಮೆ, ಮಿಕ್ಕಿದ್ದೆಲ್ಲ ಬೇರೆ. ಮೂರನೆಯದು ನಡುವಿನದ್ದು. ಪ್ರಿನ್ಸೆಸ್, ನಾರ್ವೀಜಿಯನ್ ಥರದವರು ಪಾನೀಯ, ವೈಫೈ ಮುಂತಾದವನ್ನು ಕಟ್ಟುಕಟ್ಟಿ ಒಂದು ಪ್ಯಾಕೇಜಾಗಿ ಟಿಕೆಟ್ಟಿನ ಮೇಲೆ ಮಾರುತ್ತಾರೆ. ನಮ್ಮವರಿಗೆ ಹೆಚ್ಚಾಗಿ ಎದುರಾಗುವುದು ಎರಡನೆಯದು ಮತ್ತು ಮೂರನೆಯದು.

ಪ್ಯಾಕೇಜಿನ ಜೀವ ಇರುವುದು ಮದ್ಯದಲ್ಲಿ. ಇದನ್ನು ಬಿಚ್ಚಿ ಹೇಳಬೇಕು. ಉದಾಹರಣೆಗೆ ಪಾನೀಯದ ಪ್ಯಾಕೇಜು ದಿನಕ್ಕೆ 70 ಡಾಲರ್ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಶೇ 18 ಸೇವಾಶುಲ್ಕ. 82 ಡಾಲರ್ ಚಿಲ್ಲರೆ ಆಯಿತು. ಇಬ್ಬರಿಗೆ ಮೂರು ದಿನಕ್ಕೆ ಸುಮಾರು 495 ಡಾಲರ್, ನಮ್ಮ ದುಡ್ಡಿನಲ್ಲಿ 42,000 ರೂಪಾಯಿ. ಒಂದು ಗ್ಲಾಸಿಗೆ 12 ಡಾಲರ್ ಮತ್ತು ಸೇವಾಶುಲ್ಕ ಅಂದುಕೊಂಡರೂ ದಿನಕ್ಕೆ ತಲಾ ಆರು ಗ್ಲಾಸ್ ಕುಡಿದರೆ ಮಾತ್ರ ದುಡ್ಡು ಹುಟ್ಟುತ್ತದೆ. ಮೂರು ದಿನವೂ ಹಾಗೇ ಕುಡಿಯಬೇಕು. ಒಂದು ದಿನಕ್ಕೆ ಮಾತ್ರ ಕೊಡಿ ಅಂದರೆ ಸಾಮಾನ್ಯವಾಗಿ ಕೊಡುವುದಿಲ್ಲ. ಅದಕ್ಕಿಂತ ದೊಡ್ಡ ಷರತ್ತು ಇನ್ನೊಂದಿದೆ. ಒಂದು ಕ್ಯಾಬಿನ್ನಿನಲ್ಲಿ ಒಬ್ಬ ವಯಸ್ಕರು ಮದ್ಯದ ಪ್ಯಾಕೇಜು ತೆಗೆದುಕೊಂಡರೆ ಜೊತೆಗಿರುವ ವಯಸ್ಕರೂ ತೆಗೆದುಕೊಳ್ಳಬೇಕು ಅನ್ನುವ ನಿಯಮ ರಾಯಲ್ ಕೆರೀಬಿಯನ್ ಸೇರಿ ದೊಡ್ಡ ಕಂಪನಿಗಳಲ್ಲಿ ಇದೆ. ಕಾರ್ನಿವಲ್ಲಿನ ಪ್ಯಾಕೇಜಿನಲ್ಲಿ ಮದ್ಯಕ್ಕೆ ದಿನಕ್ಕೆ 15 ಗ್ಲಾಸಿನ ಮಿತಿಯೂ ಇದೆ.

ಈಗ ನಮ್ಮ ಮನೆಗಳನ್ನು ನೆನಪು ಮಾಡಿಕೊಳ್ಳಿ. ಗಂಡ ಹೊರಗೆ ಹೋದಾಗ ಒಂದೆರಡು ಬಿಯರ್ ಕುಡಿಯಬಹುದು. ಹೆಂಡತಿ ಮುಟ್ಟುವುದಿಲ್ಲ. ಇಬ್ಬರೂ ಸಸ್ಯಾಹಾರಿಗಳಿರಬಹುದು, ಶ್ರಾವಣ ಮಾಸವಿರಬಹುದು. ಆ ಹೆಂಡತಿಗೂ ಪ್ಯಾಕೇಜು ಕೊಳ್ಳಬೇಕು. ಅವರು ಮೂರು ದಿನ ಕುಡಿಯುವುದು ನಿಂಬೆ ಸೋಡಾ, ಟೀ. ಅವರು ಕಟ್ಟಿದ 21,000 ರೂಪಾಯಿ ಎಲ್ಲಿ ಹೋಯಿತು? ಬಾರಿನಲ್ಲಿ ಹತ್ತನೇ ಗ್ಲಾಸ್ ಹಿಡಿದಿರುವವರ ಲೆಕ್ಕಕ್ಕೆ ಹೋಯಿತು. ಎಲೆ ಲೆಕ್ಕದ ಊಟದಲ್ಲೂ ಹೀಗೇ ಅಲ್ವಾ? ಎರಡು ಹೋಳಿಗೆ ತಿಂದವರೂ ಎಂಟು ಹೋಳಿಗೆ ತಿಂದವರೂ ಒಂದೇ ಎಲೆ. ಮದುವೆಯಲ್ಲಿ ಅದು ಸರಿ, ದುಡ್ಡು ಕೊಡುವವರು ಒಬ್ಬರೇ. ಹಡಗಿನಲ್ಲಿ ಎರಡು ಹೋಳಿಗೆಯವರೇ ತಮ್ಮ ಜೇಬಿನಿಂದ ಎಂಟು ಹೋಳಿಗೆಯವರಿಗೆ ಕೊಡುತ್ತಾರೆ.

ಹಾಗಾದರೆ ಬೇಕಾದದ್ದಕ್ಕೆ ಮಾತ್ರ ಕೊಡುವ ಪದ್ಧತಿಯೇ ವಾಸಿ ಅನ್ನಿಸುತ್ತದೆ. ಅಲ್ಲೂ ಒಂದು ತೊಡಕಿದೆ. ಕ್ಸೇವಿಯರ್ ಗಾಬೆ, ಡೇವಿಡ್ ಲೈಬ್ಸನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲಿ ಇದನ್ನು ತುಂಬಾ ಚೆನ್ನಾಗಿ ತೋರಿಸಿದರು. ಅವರ ವಾದವನ್ನು ಛತ್ರದ ಲೆಕ್ಕದಲ್ಲೇ ಹೇಳುತ್ತೇನೆ.

ಒಂದೇ ಬೀದಿಯಲ್ಲಿ ಎರಡು ಛತ್ರ. ಮೊದಲನೆಯವರು ಎಲ್ಲಾ ಸೇರಿ ಒಂದು ಲಕ್ಷ ಅಂತ ಬೋರ್ಡು ಹಾಕುತ್ತಾರೆ. ಎರಡನೆಯವರು ಬಾಡಿಗೆ 60,000 ಅಂತ ಹಾಕುತ್ತಾರೆ. ಜನರೇಟರು, ಟ್ಯಾಂಕರು, ಪಾತ್ರೆ ಅಂತ ಆಮೇಲೆ ಇನ್ನೂ 60,000 ಎಳೆಯುತ್ತಾರೆ. ಏನೂ ಗೊತ್ತಿಲ್ಲದವರು ಎರಡನೇ ಛತ್ರಕ್ಕೆ ಹೋಗುತ್ತಾರೆ, ಬೋರ್ಡಿನಲ್ಲಿ ಕಡಿಮೆ ಕಾಣುತ್ತದಲ್ಲ. ಎಲ್ಲಾ ಗೊತ್ತಿರುವವರು ಎಲ್ಲಿಗೆ ಹೋಗುತ್ತಾರೆ? ಅವರೂ ಎರಡನೆಯದಕ್ಕೇ. ತಮ್ಮದೇ ಜನರೇಟರು, ತಮ್ಮದೇ ಟ್ಯಾಂಕರು ತಂದು 60,000ದಲ್ಲೇ ಮದುವೆ ಮುಗಿಸುತ್ತಾರೆ. ಮೊದಲನೇ ಛತ್ರದವರು "ಅಲ್ಲಿ ಹೋಗಬೇಡಿ, ಆಮೇಲೆ ಜಾಸ್ತಿ ಆಗುತ್ತೆ" ಅಂತ ಊರಿಗೆಲ್ಲ ಸತ್ಯ ಹೇಳಿದರೂ ಅವರಿಗೆ ಲಾಭವಿಲ್ಲ. ಸತ್ಯ ತಿಳಿದವರು ಇನ್ನೂ ಹುಷಾರಾಗಿ ಎರಡನೆಯದರಲ್ಲೇ ಮದುವೆ ಮಾಡುತ್ತಾರೆ. ಹೀಗೆ ಪೂರ್ತಿ ಬೆಲೆ ಹೇಳಿದವರ ಛತ್ರ ಖಾಲಿ ಬೀಳುತ್ತದೆ. ಗೊತ್ತಿರುವವರಿಗೆ ಸಿಕ್ಕ ಅಗ್ಗದ ಬೆಲೆಯನ್ನು ಗೊತ್ತಿಲ್ಲದವರು ತುಂಬಿಕೊಡುತ್ತಾರೆ.

ಇದು ಕ್ರೂಸಿಗೆ ಅಚ್ಚುಕಟ್ಟಾಗಿ ಹೊಂದುತ್ತದೆ. ಅಮೆರಿಕದಲ್ಲಿ ಹತ್ತಾರು ಸಲ ಹಡಗು ಹತ್ತಿದವರಿಗೆ ಎಲ್ಲಾ ಒಳದಾರಿ ಗೊತ್ತು. ಅವರು ಕಡಿಮೆ ಟಿಕೆಟ್ ತೆಗೆದುಕೊಂಡು, ಬಫೆಯಲ್ಲೇ ತಿಂದು, ವೈಫೈ ತೆಗೆದುಕೊಳ್ಳದೆ ಬಂದುಬಿಡುತ್ತಾರೆ. ಮೊದಲ ಸಲ ಹೋದ ಚಿಂತಾಮಣಿಯ ಕುಟುಂಬ ಬಾಟಲ್ ನೀರಿಗೂ ದುಡ್ಡು ಕೊಡುತ್ತದೆ.

ನನಗೆ ಈ ವಿಷಯದಲ್ಲಿ ಹೇಳಬೇಕಾದ ಮುಖ್ಯ ಮಾತು ಇದೇ. ಬಿಡಿಬಿಡಿ ಲೆಕ್ಕದಲ್ಲಿ ಗೊತ್ತಿಲ್ಲದವರು ಗೊತ್ತಿರುವವರಿಗೆ ಕೊಡುತ್ತಾರೆ. ಎಲ್ಲಾ ಸೇರಿದ ಲೆಕ್ಕದಲ್ಲಿ ಕಡಿಮೆ ಬಳಸುವವರು ಜಾಸ್ತಿ ಬಳಸುವವರಿಗೆ ಕೊಡುತ್ತಾರೆ. ನಮ್ಮ ಕಡೆಯ ಕುಟುಂಬಗಳು ಮೊದಲನೆಯದರಲ್ಲಿ ಗೊತ್ತಿಲ್ಲದವರು, ಎರಡನೆಯದರಲ್ಲಿ ಕಡಿಮೆ ಬಳಸುವವರು. ಎರಡು ಕಡೆಯೂ ಕೊಡುವ ಕೈ ನಮ್ಮದೇ. ಇದರಲ್ಲಿ ನಮ್ಮ ಅಭ್ಯಾಸವನ್ನು ಬದಲಾಯಿಸಬೇಕಾಗಿಲ್ಲ. ಕುಡಿಯದವರು ದುಡ್ಡು ಹುಟ್ಟಿಸಲು ಕುಡಿಯಬೇಕಾಗಿಲ್ಲ. ಬದಲಾಯಿಸಬಹುದಾದದ್ದು ಗೊತ್ತಿಲ್ಲದಿರುವುದನ್ನು ಮಾತ್ರ.

ಎಲ್ಲಾ ಸೇರಿದ ಬೆಲೆಗೆ ಒಂದು ನಿಜವಾದ ಸುಖ ಇದೆ, ಅದನ್ನು ಮರೆಮಾಚಬಾರದು. ಮೀಟರ್ ಹಾಕಿದ ಆಟೋದಲ್ಲಿ ಕೂತಾಗ ಕಣ್ಣು ಮೀಟರಿನ ಮೇಲೇ ಇರುತ್ತದೆ. ದಾರಿ ಕಾಣುವುದೇ ಇಲ್ಲ. ಡ್ರೇಜನ್ ಪ್ರೆಲೆಕ್, ಜಾರ್ಜ್ ಲೋವೆನ್‌ಸ್ಟೈನ್ ಅನ್ನುವ ಸಂಶೋಧಕರು 1998ರಲ್ಲಿ ಬರೆದದ್ದು ಇದನ್ನೇ. ಪ್ರವಾಸದಂಥ ಸಂತೋಷಕ್ಕೆ ಜನ ಮೊದಲೇ ದುಡ್ಡು ಕೊಟ್ಟು ಮುಗಿಸಿ, ಆಮೇಲೆ ನಿರಾಳವಾಗಿ ಅನುಭವಿಸಲು ಇಷ್ಟಪಡುತ್ತಾರೆ. ಸಿದ್ಧಗಂಗೆಯಲ್ಲಿ ದಾಸೋಹದ ಪಂಕ್ತಿಗೆ ಕೂತಾಗಿನ ಸಮಾಧಾನ ನೆನೆಸಿಕೊಳ್ಳಿ. ಎಷ್ಟು ಬಡಿಸಿಕೊಂಡೆ ಅನ್ನುವ ಲೆಕ್ಕ ಯಾರ ತಲೆಗೂ ಬರುವುದಿಲ್ಲ.

ಅಕ್ಕನಿಗೆ ಹಡಗಿನಲ್ಲಿ ಆ ಸಮಾಧಾನ ಸಿಗಲಿಲ್ಲ. ಯಾವುದಕ್ಕೆ ದುಡ್ಡು, ಯಾವುದಕ್ಕಿಲ್ಲ ಅಂತ ಗೊತ್ತಿರಲಿಲ್ಲ. ಮೊದಲ ಸಂಜೆ ಡೆಕ್ಕಿನ ಮೇಲೆ ಐಸ್‌ಕ್ರೀಂ ಕೌಂಟರಿನ ಮುಂದೆ ಮೊಮ್ಮಕ್ಕಳ ವಯಸ್ಸಿನ ಮಕ್ಕಳೆಲ್ಲ ಸಾಲು ನಿಂತಿದ್ದರು. ಅಕ್ಕನಿಗೆ ಐಸ್‌ಕ್ರೀಂ ಅಂದರೆ ಪ್ರಾಣ. "ಇಲ್ಲಿ ಡಾಲರಿನಲ್ಲಿ ಎಷ್ಟೋ ಏನೋ" ಅಂತ ಬೇಡ ಅಂದುಬಿಟ್ಟಳು. ಅದು ಟಿಕೆಟ್ಟಿನಲ್ಲೇ ಸೇರಿತ್ತು. ಮೂರನೇ ದಿನ ಮಗಳಿಗೆ ಗೊತ್ತಾಯಿತು. ಅಷ್ಟು ಹೊತ್ತಿಗೆ ರಾತ್ರಿಯಾಗಿತ್ತು, ಕೌಂಟರ್ ಮುಚ್ಚಿತ್ತು. ಬಾಟಲ್ ನೀರಿಗೆ ದುಡ್ಡು ಕೊಟ್ಟವಳು, ಆಗಲೇ ದುಡ್ಡು ಕೊಟ್ಟಾಗಿದ್ದ ಐಸ್‌ಕ್ರೀಂ ತಿನ್ನಲಿಲ್ಲ. ಬೆಲೆಯನ್ನು ಸ್ಪಷ್ಟವಾಗಿ ಹೇಳದಿದ್ದರೆ ಹೀಗೆ ಎರಡು ಕಡೆಯಿಂದ ನಷ್ಟವಾಗುತ್ತದೆ. ಬಿಲ್ಲಿನಲ್ಲಿ ಒಂದು ನಷ್ಟ ಮಾತ್ರ ಕಾಣುತ್ತದೆ. ಜೀವಮಾನದಲ್ಲಿ ಒಂದೇ ಸಲ ಹೋದ ಪ್ರವಾಸದಲ್ಲಿ ಅಕ್ಕ ಬೇಡ ಅಂದ ಆ ಐಸ್‌ಕ್ರೀಂ ನನಗೆ ಆ ಬಿಲ್ಲಿಗಿಂತ ಜಾಸ್ತಿ ನೋವು ಕೊಡುತ್ತದೆ.

ಬೆಲೆಯನ್ನು ಕಂತುಕಂತಾಗಿ ತೋರಿಸಿದರೆ ಮಾರುವವರಿಗೆ ಎಷ್ಟು ಲಾಭ ಅನ್ನುವುದಕ್ಕೂ ಪುರಾವೆ ಇದೆ. ಅಮೆರಿಕದ ಸ್ಟಬ್‌ಹಬ್ ಅನ್ನುವ ಟಿಕೆಟ್ ಮಾರುವ ತಾಣದಲ್ಲಿ 2015ರಲ್ಲಿ ಪ್ರಯೋಗ ನಡೆಯಿತು. ಒಂದು ಗುಂಪಿಗೆ ಶುಲ್ಕವೆಲ್ಲ ಸೇರಿದ ಬೆಲೆ ಮೊದಲೇ ತೋರಿಸಿದರು. ಇನ್ನೊಂದು ಗುಂಪಿಗೆ ಕೊನೆಯಲ್ಲಿ ತೋರಿಸಿದರು. ಕೊನೆಯಲ್ಲಿ ನೋಡಿದವರು ಸುಮಾರು ಶೇ 20ರಷ್ಟು ಜಾಸ್ತಿ ಖರ್ಚು ಮಾಡಿದರು. ಸೀಟು ಆರಿಸಿ ಮನಸ್ಸಿನಲ್ಲಿ ಆಗಲೇ ಕೂತಾಗಿರುತ್ತದೆ. ಎದ್ದು ಬರಲು ಆಗುವುದಿಲ್ಲ.

ಇದನ್ನು ತಡೆಯಲು ಕಾನೂನೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಛತ್ರದ ಲೆಕ್ಕದಲ್ಲೇ ನೋಡಿದೆವಲ್ಲ, ಒಬ್ಬರು ಪ್ರಾಮಾಣಿಕರಾದರೆ ಸಾಲದು, ಎಲ್ಲರೂ ಒಟ್ಟಿಗೆ ಆಗಬೇಕು. ಕ್ಯಾಲಿಫೋರ್ನಿಯಾ ರಾಜ್ಯ 2024ರ ಜುಲೈ 1ರಿಂದ ಹಾಗೆ ಮಾಡಿತು. ಕಡ್ಡಾಯ ಶುಲ್ಕವನ್ನೆಲ್ಲ ಸೇರಿಸಿಯೇ ಬೆಲೆ ತೋರಿಸಬೇಕು ಎಂದಿತು. ಆಮೇಲೆ ದೊಡ್ಡ ಕ್ರೂಸ್ ಕಂಪನಿಗಳು ಬರೀ ಕ್ಯಾಲಿಫೋರ್ನಿಯಾದಲ್ಲಿ ಅಲ್ಲ, ಅಮೆರಿಕದ ಗ್ರಾಹಕರಿಗೆಲ್ಲ ಬಂದರು ಶುಲ್ಕ, ತೆರಿಗೆ ಸೇರಿಸಿದ ಬೆಲೆಯನ್ನೇ ತೋರಿಸತೊಡಗಿದವು. ಹಡಗು ಅದೇ, ಪ್ರಯಾಣ ಅದೇ, ಜಾಹೀರಾತು ಮಾತ್ರ ಸರಿಯಾಯಿತು. ಟಿಪ್ಸ್ ಮಾತ್ರ ಹೊರಗೇ ಉಳಿಯಿತು, ಹೆಸರಿಗೆ ಅದು ಐಚ್ಛಿಕ ತಾನೇ.

ನಮ್ಮಲ್ಲಿ ಕಾನೂನು ಇಲ್ಲ ಅಂತ ಅಂದುಕೊಳ್ಳಬೇಡಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಆನ್‌ಲೈನ್ ವ್ಯಾಪಾರದ ದಾರಿತಪ್ಪಿಸುವ 13 ತಂತ್ರಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಬೆಲೆಯನ್ನು ಹನಿಹನಿಯಾಗಿ ತೋರಿಸುವುದು ಅದರಲ್ಲಿ ಒಂದು. ನಾವು ಕೇಳದ್ದನ್ನು ನಮ್ಮ ಬಿಲ್ಲಿಗೆ ತುರುಕುವುದು ಇನ್ನೊಂದು. ಹೋಟೆಲುಗಳು ಸರ್ವಿಸ್ ಚಾರ್ಜನ್ನು ತಾವಾಗಿಯೇ ಸೇರಿಸಬಾರದು ಅಂತ ಇದೇ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತ್ತು. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಸಿಂಗಪುರದ ಸಮುದ್ರದಲ್ಲಿರುವ ವಿದೇಶಿ ಹಡಗಿನ ಮೇಲೆ ನಮ್ಮ ಹೋಟೆಲ್ ನಿಯಮ ನಡೆಯುವುದಿಲ್ಲ, ನಿಜ. ಆದರೆ ಟಿಕೆಟ್ ಮಾರಿದ್ದು ಎಲ್ಲಿ? ಜಾಹೀರಾತು ತೋರಿಸಿದ್ದು, 'ಎಲ್ಲಾ ಸೇರಿದೆ' ಅಂದದ್ದು, ದುಡ್ಡು ತೆಗೆದುಕೊಂಡದ್ದು ಎಲ್ಲಾ ಇಲ್ಲೇ. ಅವರು ನಮ್ಮ ಗ್ರಾಹಕ ಕಾನೂನಿಗೆ ಸಿಗುತ್ತಾರೆ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮಂಥ ಊರಿನವರಿಗೆ ದೊಡ್ಡ ಅನುಕೂಲ ಒಂದಿದೆ. ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಏಜೆಂಟು ಬೆಂಗಳೂರಿನವರಾಗಿರಲಿ, ಮುಂಬೈಯವರಾಗಿರಲಿ, ಕೋಲಾರದವರು ಕೋಲಾರದ ಜಿಲ್ಲಾ ಆಯೋಗದಲ್ಲೇ ಕೊಡಬಹುದು. ನಾವು ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಅದಕ್ಕೂ ಮುಂಚೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆದರೆ ಕೈಯಲ್ಲಿ ಬರಹ ಇರಬೇಕು. ಫೋನಿನಲ್ಲಿ ಹೇಳಿದ 'ಎಲ್ಲಾ ಸೇರಿದೆ ಸರ್' ಅನ್ನುವ ಮಾತಿಗೆ ಸಾಕ್ಷಿ ಎಲ್ಲಿಂದ ತರುವುದು?

ಹಾಗಾಗಿ ಅಡ್ವಾನ್ಸ್ ಕೊಡುವ ಮುಂಚೆ ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ. ಎರಡೇ ಎರಡು ಪ್ರಶ್ನೆ ಸಾಕು. ನಾವು ಹಡಗಿನಲ್ಲಿ ಒಂದು ರೂಪಾಯಿಯನ್ನೂ ಹೆಚ್ಚಿಗೆ ಖರ್ಚು ಮಾಡದೆ ಇಳಿದು ಬಂದರೆ, ಟಿಪ್ಸ್, ಬಂದರು ಶುಲ್ಕ, ತೆರಿಗೆ ಸೇರಿ ಒಟ್ಟು ಎಷ್ಟಾಗುತ್ತದೆ? ಇದು ಮೊದಲನೆಯದು. ಇದರ ಉತ್ತರವೇ ನಿಜವಾದ ಟಿಕೆಟ್ ಬೆಲೆ. ಎರಡು ಹಡಗುಗಳನ್ನು ಹೋಲಿಸುವುದಿದ್ದರೆ ಈ ಅಂಕಿಯನ್ನೇ ಹೋಲಿಸಿ. ಊಟ, ನೀರು, ಟೀ, ಐಸ್‌ಕ್ರೀಂ, ಶೋ ಇವುಗಳಲ್ಲಿ ಯಾವುದಕ್ಕೆ ದುಡ್ಡಿಲ್ಲ? ಇದು ಎರಡನೆಯದು. ವಿದೇಶಿ ಪ್ಯಾಕೇಜಾದರೆ ಟಿಸಿಎಸ್ ಅಂತ ತೆರಿಗೆಯೊಂದನ್ನು ಬುಕ್ಕಿಂಗ್ ಹೊತ್ತಿನಲ್ಲೇ ಹಿಡಿಯುತ್ತಾರೆ. ರಿಟರ್ನ್ ಸಲ್ಲಿಸುವಾಗ ಅದನ್ನು ಹೊಂದಿಸಿಕೊಳ್ಳಬಹುದು. ಆದರೆ ಆ ಹೊತ್ತಿಗೆ ಅದು ಕೈಯಿಂದ ಹೋಗುವ ದುಡ್ಡೇ. ಅದರ ರಸೀದಿ ಇಟ್ಟುಕೊಳ್ಳಿ, ನಿವೃತ್ತರು ಎಷ್ಟೋ ಸಲ ಇದನ್ನು ಬಿಟ್ಟುಬಿಡುತ್ತಾರೆ.

ದಡದ ಪ್ರವಾಸದ ವಿಷಯ ಬೇರೆ. ಅಲ್ಲಿ ಹಡಗಿನವರ ಬಸ್ಸಿಗಿಂತ ಹೊರಗಿನ ಟ್ಯಾಕ್ಸಿ ಸಾಮಾನ್ಯವಾಗಿ ಅಗ್ಗ. ಆದರೆ ಹೊರಗಿನ ಟ್ಯಾಕ್ಸಿಯಲ್ಲಿ ಹೋಗಿ ತಡವಾದರೆ ಹಡಗು ಕಾಯುವುದಿಲ್ಲ. ಹಡಗಿನವರೇ ಕರೆದುಕೊಂಡು ಹೋದ ಪ್ರವಾಸ ತಡವಾದರೆ ಕಾಯುತ್ತದೆ. ಮಂಡಿನೋವಿನ ಹಿರಿಯರು ಜೊತೆಗಿದ್ದರೆ ನಾನಂತೂ ಹಡಗಿನವರದ್ದೇ ತೆಗೆದುಕೊಳ್ಳುತ್ತೇನೆ, ಇಲ್ಲವೇ ಆ ದಿನ ಹಡಗಿನಲ್ಲೇ ಉಳಿಯುತ್ತೇನೆ. ಎಲ್ಲರೂ ಇಳಿದು ಹೋದ ಮೇಲೆ ಖಾಲಿ ಡೆಕ್ಕಿನಲ್ಲಿ ಸಮುದ್ರ ನೋಡುತ್ತಾ ಕೂರುವುದಕ್ಕೆ ಯಾವ ಶುಲ್ಕವೂ ಇಲ್ಲ. ಭಾವನಿಗೆ ಇಡೀ ಪ್ರವಾಸದಲ್ಲಿ ತುಂಬಾ ಇಷ್ಟವಾದದ್ದು ಅದೇ.

ಪ್ಯಾಕೇಜು ಯಾರಿಗೆ ಸರಿ ಅಂತ ಕೇಳಿದರೆ, ನಾಲ್ಕೈದು ಗೆಳೆಯರು ಸೇರಿ ಹೋಗುವವರಿಗೆ, ಎಲ್ಲರೂ ಕುಡಿಯುವವರಾಗಿದ್ದರೆ, ಸರಿ. ಕೆಲಸದ ಕಾರಣಕ್ಕೆ ದಿನವಿಡೀ ಇಂಟರ್ನೆಟ್ ಬೇಕಾದವರಿಗೂ ಸರಿಹೋಗಬಹುದು. ಕುಡಿಯದ ಕುಟುಂಬಕ್ಕೆ ಬರೀ ಟಿಕೆಟ್, ಮೊದಲೇ ಕಟ್ಟಿದ ಟಿಪ್ಸ್, ಬೇಕಿದ್ದರೆ ಒಬ್ಬರ ಫೋನಿಗೆ ವೈಫೈ, ಇಷ್ಟು ಸಾಕು.

ಈಗ ಅಕ್ಕನ ಬೀದಿಯ ಮೂರು ಮನೆಯವರು ಸೇರಿ ಚೆನ್ನೈಯಿಂದ ಹೋಗುವ ಮಾತಾಡುತ್ತಿದ್ದಾರೆ. ಸೀಸನ್ ನೋಡಿಕೊಂಡು, ಮಕ್ಕಳ ಪರೀಕ್ಷೆ ಮುಗಿದ ಮೇಲೆ. ಎಲ್ಲರೂ ಅಕ್ಕನನ್ನೇ ಕೇಳುತ್ತಾರೆ, ಹೋಗಿ ಬಂದವಳು ಅಂತ. ಹೋದ ಭಾನುವಾರ ನಾನು ಹೋದಾಗ ಅವಳು ಟಿವಿ ಪಕ್ಕದ ಆ ಬಿಲ್ಲನ್ನು ತಿರುಗಿಸಿ ಹಿಂದಿನ ಖಾಲಿ ಬದಿಯಲ್ಲಿ ಗೆರೆ ಎಳೆಯುತ್ತಿದ್ದಳು. ಒಂದು ಕಡೆ 'ಕೊಡಲೇಬೇಕು', ಇನ್ನೊಂದು ಕಡೆ 'ಬೇಕಿದ್ದರೆ'. ಮೂವರು ಏಜೆಂಟರಿಗೆ ಮೆಸೇಜು ಕಳಿಸಿದ್ದಾಳಂತೆ. ಒಬ್ಬರು ಪೂರ್ತಿ ಅಂಕಿ ಬರೆದು ಕಳಿಸಿದ್ದಾರೆ. ಇನ್ನಿಬ್ಬರು ಫೋನ್ ಮಾಡಿ "ಎಲ್ಲಾ ಸೇರಿದೆ ಮೇಡಂ" ಅಂದರಂತೆ. "ಬರೆದು ಕಳಿಸಿ ಅಂದಿದೀನಿ. ಐಸ್‌ಕ್ರೀಂ ಸೇರಿದೆಯಾ ಅಂತಾನೂ ಕೇಳಿದೀನಿ" ಅಂದಳು.